ಕನ್ನಡದವನು ಅಂತ ಟೆಸ್ಟ್ ಮಾಡದೆ ರಿಲೇ ಬೋರ್ಡ್ ತರಬೇಡಿ

ಮುಂಬೈನ ಲ್ಯಾಮಿಂಗ್ಟನ್ ರೋಡಿಗೆ ರಿಲೇ ಬೋರ್ಡ್ (ಸಣ್ಣ ಕರೆಂಟ್ ಕೊಟ್ರೆ ಟಕ್ ಅಂತ ಬದಲಾಗೋ ಸ್ವಿಚ್‌ಗಳ ಬೋರ್ಡ್) ತರೋಕೆ ಹೋಗೋರು ದಯವಿಟ್ಟು ಓದಿ. ಹೋದದ್ದು 320 ರೂಪಾಯಿ ಅಷ್ಟೆ. ಹನ್ನೊಂದು ರಾತ್ರಿ ನಿದ್ದೆ ಹೋಯ್ತಲ್ಲ, ಅದಕ್ಕೆ ಹೊಟ್ಟೆ ಉರೀತಿರೋದು.

ಡೊಂಬಿವಲಿಯ ನಮ್ಮ ಮನೇಲಿ ಕಿಟಕಿ ಪಕ್ಕ ಪುಟ್ಟ ಎಚ್‌ಓ ಲೇಔಟ್ (ಮಾದರಿ ರೈಲು ಓಡಿಸೋ ಹಳಿ) ಇದೆ, ನಾಲ್ಕು ಸಿಗ್ನಲ್, ಒಂದೊಂದಕ್ಕೂ ಒಂದು ರಿಲೇ. ನಾನು ಫೋನಲ್ಲಿ ಮಾತಾಡಿದ್ದು ಕೇಳಿ ಅಂಗಡಿಯವನು "ಓ, ಕನ್ನಡದವ್ರಾ? ನಮ್ದೂ ಉಡುಪಿ ಕಡೇನೇ" ಅಂದ. ಕರಗಿಬಿಟ್ಟೆ. ಯಾವಾಗ್ಲೂ ಕೌಂಟರಿನಲ್ಲೇ 5 ವೋಲ್ಟ್ ಕೊಟ್ಟು, ಒಂದೊಂದೂ ಟಕ್ ಅಂದ ಮೇಲೇ ದುಡ್ಡು ಬಿಚ್ಚೋನು ನಾನು. ಅವತ್ತು ಅವನ ಜೊತೆ ಚಹಾ ಕುಡಿದು ಬಂದೆ.

ಮೂರು ಸಿಗ್ನಲ್ ಸರಿ. ಹೋಮ್ ಸಿಗ್ನಲ್ (ಸ್ಟೇಷನ್ನಿಗೆ ಬರೋ ಗಾಡಿಗೆ ದಾರಿ ಬಿಡೋದು) ಮಾತ್ರ ಸದಾ ಕೆಂಪು. ಬೋರ್ಡಿನ ಎಲ್‌ಇಡಿ ಉರಿಯುತ್ತೆ, ಟಕ್ ಸದ್ದಿಲ್ಲ. ಮೆಸೇಜ್ ಹಾಕಿದೆ.

"ನಿಮ್ಮ ವೈರಿಂಗ್ ಸರ್."

ಅದೇ ವೈರನ್ನ ಮೂರನೇ ರಿಲೇಗೆ ಹಾಕಿದೆ, ಹಸಿರು ಬಂತು.

"ಸಪ್ಲೈ ಸಾಲ್ತಿಲ್ಲ ಸರ್."

2 ಆಂಪಿಯರ್ ಅಡಾಪ್ಟರ್ ರೀ! ಒಂದು ಕಾಯಿಲ್ (ರಿಲೇ ಒಳಗೆ ಸ್ವಿಚ್ ಎಳೆಯೋ ತಂತಿ ಸುರುಳಿ) ಕುಡಿಯೋದು 70 ಮಿಲಿಆಂಪಿಯರ್, ನಾಲ್ಕೂ ಸೇರಿದ್ರೂ 300 ದಾಟಲ್ಲ.

"ಲೋ ಟ್ರಿಗರ್ ಬೋರ್ಡ್ ಅದು, ಪ್ರೋಗ್ರಾಂ ಉಲ್ಟಾ ಮಾಡಿ ನೋಡಿ."

ಅಂದ್ರೆ ಪಿನ್ನಿಗೆ ವೋಲ್ಟೇಜ್ ಇಲ್ದಾಗ ರಿಲೇ ಆನ್ ಆಗೋ ಬೋರ್ಡ್ ಅಂತೆ. ಅದನ್ನೂ ನಂಬಿದೆ! ಸರಿಯಿದ್ದ ಮೂರೂ ತಲೆಕೆಳಗಾದವು. ಎದುರು ಗಾಡಿ ನಿಂತಿದ್ರೂ ಸ್ಟಾರ್ಟರ್ (ಗಾಡಿ ಹೊರಡಿಸೋ ಸಿಗ್ನಲ್) ಹಸಿರು. ಮಗಳು ಬಿದ್ದು ಬಿದ್ದು ನಕ್ಕಳು.

ಕೊನೆಗೆ ಕಾಯಿಲ್‌ಗೆ ಮಲ್ಟಿಮೀಟರ್ ಹಿಡಿದೆ. ಮೂರು 70 ಓಮ್ ಆಸುಪಾಸು, ನಾಲ್ಕನೆಯದು 400. ಬೆಲೆಯ ಚೀಟಿ ಅಂಟಿಸಿದ್ದೂ ಅದೇ ನಾಲ್ಕನೆಯದರ ತಲೆ ಮೇಲೆ. ಉಗುರಲ್ಲಿ ಕೆರೆದೆ. ಕೆಳಗೆ "12ವಿಡಿಸಿ". ಹನ್ನೊಂದು ದಿನ ನನ್ನ ಕಣ್ಣೆದುರೇ ಇತ್ತು! ಬೋರ್ಡ್ ತಿರುಗಿಸಿದ್ರೆ ಆ ರಿಲೇಯ ಐದು ಕಾಲಿನ ಸುತ್ತ ಮಾತ್ರ ಕಂದು ಫ್ಲಕ್ಸ್ (ಕೈಯಲ್ಲಿ ಬೆಸೆದಾಗ ಉಳಿಯೋ ಅಂಟು). ಹಾಳಾದದ್ದನ್ನ ಕಿತ್ತು, ಕೈಗೆ ಸಿಕ್ಕಿದ್ದನ್ನ ಬೆಸೆದು, ಮೇಲೆ ಬೆಲೆ ಅಂಟಿಸಿದ್ದಾನೆ. 5 ವೋಲ್ಟಿಗೆ 12 ವೋಲ್ಟಿನ ಕಾಯಿಲ್ ಎಲ್ಲಿ ಎಳೀಬೇಕು?

ಫೋಟೋ ಕಳಿಸಿದೆ. ಬಂದ ಉತ್ತರ: "ಸ್ಟಿಕ್ಕರ್ ಕಿತ್ತುಬಿಟ್ಟಿದ್ದೀರಲ್ಲ ಸರ್, ಇನ್ನು ರಿಟರ್ನ್ ಆಗಲ್ಲ." ಮತ್ತೆ ಓದಿ. ಸ್ಟಿಕ್ಕರ್ ಕಿತ್ತದ್ದು ನನ್ನ ತಪ್ಪು! ಆಮೇಲೆ "ನಮ್ಮವ್ರಿಗೆ ಮೋಸ ಮಾಡ್ತೀನಾ?" ಆಮೇಲೆ ಬರೀ ನೀಲಿ ಟಿಕ್.

ಚೀಟಿ ಇದ್ರೆ ಅಂಗಡೀಲೇ ಕೀಳಿಸಿ, ರಿಲೇ ಮೇಲಿನ ಅಕ್ಷರ ಓದಿ, ಎಲ್ಲವನ್ನೂ ಟಕ್ ಅನ್ನಿಸಿ. ಅವನು ತುಳು ಮಾತಾಡಲಿ, ಕನ್ನಡ ಮಾತಾಡಲಿ.

ಬೇರೆ ಕಡೆಯಿಂದ 5 ವೋಲ್ಟಿನ ರಿಲೇ ತಂದು ಹಾಕಿದ್ದೀನಿ, ಹೋಮ್ ಸಿಗ್ನಲ್ ಈಗ ಹಸಿರಾಗ್ತಿದೆ. ಅವತ್ತಿನ ಚಹಾದ ದುಡ್ಡೂ ನಾನೇ ಕೊಟ್ಟಿದ್ದೆ, ಥೂ.