ನವನಗರದ ಸಂವಾದ ಮತ್ತು ಪ್ರಾರ್ಥನೆಯ ಶಿಬಿರ: ಕೇಳುವುದನ್ನು ಕಲಿಸಿದ ಒಂದು ದಿನ

ಬಾಗಲಕೋಟೆಯ ನವನಗರದಲ್ಲಿ ಭಾನುವಾರ ನಡೆದ ಸಂವಾದ ಮತ್ತು ಪ್ರಾರ್ಥನೆಯ ಶಿಬಿರಕ್ಕೆ ಊಟವೂ ಕೂಡಲಸಂಗಮಕ್ಕೆ ಹೋಗಿಬರುವ ಬಸ್ಸೂ ಸೇರಿ 600 ರೂಪಾಯಿ ಶುಲ್ಕವಿತ್ತು. ಬೆಳಗಿನ ಅವಧಿಯೊಂದೇ ಆ ಹಣಕ್ಕೆ ಸಾಟಿಯಾಯಿತು. ಆದರೆ ಮಧ್ಯಾಹ್ನ ಅನುಸರಿಸಿದ ಒಂದು ಕ್ರಮವನ್ನು ಆಯೋಜಕರು ಕೂಡಲೇ ಕೈಬಿಡಬೇಕು.

ಬೆಳಿಗ್ಗೆ ಪರಿಚಯವಿಲ್ಲದವರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂಡ್ರಿಸಿದರು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸಲಹೆ ಕೊಡಬಾರದು, ‘ನಮ್ಮ ಮನೆಯಲ್ಲೂ ಹೀಗೇ ಆಗಿತ್ತು’ ಎಂದು ತಮ್ಮ ಕಥೆ ತೆಗೆಯಬಾರದು, ಎದುರಿಗಿದ್ದವರು ಆಗಲೇ ಹೇಳಿದ ಸಂಗತಿಯೊಂದನ್ನು ಹಿಡಿದೇ ಮುಂದಿನ ಪ್ರಶ್ನೆ ಕೇಳಬೇಕು ಎಂಬುದು ನಿಯಮ. ನನ್ನೆದುರಿಗೆ ಕುಳಿತ ಹಿರಿಯರ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಹಳೇ ಬಾಗಲಕೋಟೆಯ ಓಣಿಯೊಂದರಲ್ಲಿತ್ತು. ಮುಳುಗಡೆಯ ಮಾತು ಬಂದರೆ ನಮ್ಮ ಕಡೆ ಅದು ಪರಿಹಾರ ಎಷ್ಟು ಬಂತು, ನವನಗರದ ಯಾವ ಸೆಕ್ಟರಿನಲ್ಲಿ ಸೈಟು ಸಿಕ್ಕಿತು ಎಂಬಲ್ಲಿಗೇ ಮುಗಿದುಹೋಗುತ್ತದೆ. ಅವರ ಮಾತಿನ ನಡುವೆ ಮನೆಮುಂದಿನ ಕಟ್ಟೆಯ ಪ್ರಸ್ತಾಪ ಬಂದಿದ್ದರಿಂದ, ಸಂಜೆ ಹೊತ್ತು ಅಲ್ಲಿ ಯಾರು ಯಾರು ಕೂಡುತ್ತಿದ್ದರು ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಇದನ್ನ ಯಾರೂ ಕೇಳಿದ್ದಿಲ್ರಿ’ ಎಂದರು. ಆಮೇಲೆ, ಒಂದೇ ಗೋಡೆಯ ಆಚೀಚೆ ಬಾಳಿದ ನೆರೆಯವರು ಬೇರೆ ಬೇರೆ ಸೆಕ್ಟರಿಗೆ ಚದುರಿದ್ದನ್ನೂ, ಹೊಸ ಮನೆಗೆ ಕಾಂಪೌಂಡ್ ಬಂದರೂ ಕೂಡ್ರಲು ಕಟ್ಟೆ ಇಲ್ಲದ್ದನ್ನೂ, ತೀರಿಹೋದ ಹೆಂಡತಿ ಕಡೆಯ ದಿನಗಳಲ್ಲಿ ಹಳೆಯ ಓಣಿಯನ್ನೇ ಕನವರಿಸುತ್ತಿದ್ದುದನ್ನೂ ಒಂದೊಂದಾಗಿ ಹೇಳಿದರು. ಅವರು ಸುಮ್ಮನಿದ್ದ ಹೊತ್ತಿನಲ್ಲಿ ನಾನು ಬಾಯಿ ಹಾಕದಂತೆ ತಡೆದದ್ದು ಆ ನಿಯಮವೇ, ಮತ್ತು ಇದೇ ಈ ಶಿಬಿರದ ದೊಡ್ಡ ಗುಣ.

ಊಟ ಚೆನ್ನಾಗಿತ್ತು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ಊಟದ ನಂತರ ಪ್ರತಿಯೊಬ್ಬರೂ ಎದ್ದು ನಿಂತು, ತಮ್ಮ ಜೊತೆಗಾರರು ಹೇಳಿದ್ದನ್ನು ಮೈಕಿನಲ್ಲಿ ಎಲ್ಲರಿಗೂ ತಿಳಿಸಬೇಕೆಂದರು. ಒಬ್ಬರು ನಂಬಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಸಭೆಯ ಮುಂದಿಡುವುದು ಬೆಳಗಿನ ಪಾಠವನ್ನೇ ಕೆಡಿಸುತ್ತದೆ. ಹಿರಿಯರ ಮುಖ ನೋಡಿ, ನನಗೆ ಹೇಳುವುದೇನೂ ಇಲ್ಲವೆಂದು ಮೈಕನ್ನು ಮುಂದೆ ದಾಟಿಸಿದೆ. ಅಲ್ಲಲ್ಲಿ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದವರನ್ನೂ ಯಾರೂ ತಡೆಯಲಿಲ್ಲ.

ಕೃಷ್ಣಾ ಮತ್ತು ಮಲಪ್ರಭಾ ಕೂಡುವ ಕೂಡಲಸಂಗಮದಲ್ಲಿ ಸಂಜೆಯ ಪ್ರಾರ್ಥನೆ ನಡೆಯಿತು. ಮೊದಲು ಏನನ್ನೂ ಬೇಡದೆ, ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ದೇವರಿಗೆ ಹೇಳಿ, ಬಳಿಕ ಮಾತು ನಿಲ್ಲಿಸಿ ಕೂಡಬೇಕು ಎಂಬ ಸೂಚನೆಯಿತ್ತು. ತಮ್ಮ ದೂರು, ನಾಚಿಕೆ, ಹಂಬಲಗಳನ್ನೆಲ್ಲ ಬಸವಣ್ಣನವರು ಈ ಊರಿನ ದೇವರ ಹೆಸರು ಹಿಡಿದೇ ತೋಡಿಕೊಂಡವರಾದ್ದರಿಂದ, ಆ ಸೂಚನೆಗೆ ಅಲ್ಲಿ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಕೆಲವರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟು ಕುಳಿತರು. ನಮ್ಮ ಗುಂಪಿನ ಮುಸ್ಲಿಂ ಮಹಿಳೆಯೊಬ್ಬರು ನಮಾಜಿನ ನಂತರದ ದುವಾದಲ್ಲಿ ತಾವು ಮನೆಮಾತಿನಲ್ಲೇ ದೇವರೊಡನೆ ಮಾತನಾಡುವುದಾಗಿ ಹೇಳಿದರು. ನಿತ್ಯದ ಪೂಜೆಯಲ್ಲಿ ಮಕ್ಕಳ ಓದು, ಅವ್ವನ ಮೊಣಕಾಲು ನೋವು ಎಂದು ಒಂದೇ ಉಸಿರಿಗೆ ಒಪ್ಪಿಸಿ ಏಳುವ ನಾನು, ಹೊಲದ ಪಾಲಿನಿಂದಾಗಿ ತಮ್ಮನೊಂದಿಗೆ ಮಾತು ನಿಂತ ನೋವನ್ನು ಅಂದು ಮೊದಲ ಸಲ ದೇವರ ಮುಂದಿಟ್ಟೆ. ಬೆಳಿಗ್ಗೆ ಆ ಹಿರಿಯರ ಮಾತಿಗೆ ಕಾದಂತೆಯೇ ಇಲ್ಲಿಯೂ ಕಾಯುವುದು ಆಗ ಸಾಧ್ಯವಾಯಿತು.

ಆದರೆ ಬಸ್ಸು ಹೊರಡುವ ಹೊತ್ತಾಯಿತೆಂದು ಅರ್ಧ ಗಂಟೆಯಲ್ಲೇ ಎಬ್ಬಿಸಿದರು. ಸ್ವಂತ ವಾಹನವಿದ್ದವರು ಅದರಲ್ಲೇ ಹೋಗಿ, ಉಳಿದವರು ಮರಳಿದ ಮೇಲೂ ಅಲ್ಲಿ ಕುಳಿತಿರುವುದು ಒಳ್ಳೆಯದು. ಬಸವಣ್ಣನವರು ಐಕ್ಯರಾದ ತಾಣವೆನ್ನುವ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋಗಬೇಕಾಗುವುದರಿಂದ, ವಯಸ್ಸಾದವರ ಜೊತೆಗೆ ಕೈಹಿಡಿಯಲು ಒಬ್ಬರಿರಲಿ. ನವನಗರದ ಸಭಾಂಗಣದಲ್ಲಿ ನೆಲದ ಮೇಲೆ ಕೂಡ್ರಲಾಗದವರು ಕುರ್ಚಿ ಬೇಕೆಂದು ಹೆಸರು ನೋಂದಾಯಿಸುವಾಗಲೇ ತಿಳಿಸಬೇಕು.