ತಪ್ಪು ಬೆರಳಿನದು, ಕಡಿತ ನೆನಪಿನ ಅಂಕಕ್ಕೆ: 14 ತಿಂಗಳ ಬಳಕೆಯ ನಂತರ

ಹಿರಿಯರ ಮೆದುಳಿಗೆ ಕಸರತ್ತು ಕೊಡುವ ಈ ಟ್ಯಾಬ್ಲೆಟ್ ಆ್ಯಪಿನಲ್ಲಿ ಯಾವ ಯಾವ ಆಟಗಳಿವೆ ಎಂಬುದು ಅದರ ಪುಟದಲ್ಲೇ ಇದೆ, ಅದನ್ನು ಬಿಡೋಣ. 70 ದಾಟಿದವರ ಕೈಯಲ್ಲಿ ಇಷ್ಟು ದಿನ ಓಡಿದ ಮೇಲೆ ಉಳಿದಿರುವುದು ಒಂದೇ ದೊಡ್ಡ ದೂರು: ಬೆರಳು ಜಾರಿದರೂ ಇದು ನೆನಪು ಕೈಕೊಟ್ಟಿತೆಂದೇ ಲೆಕ್ಕ ಬರೆದುಕೊಳ್ಳುತ್ತದೆ.

ವಯಸ್ಸಾದಂತೆ ಬೆರಳ ತುದಿ ಒಣಗುತ್ತದೆ. ತೇವ ಕಡಿಮೆಯಾದರೆ ಟಚ್‌ಸ್ಕ್ರೀನಿಗೆ ಮುಟ್ಟಿದ್ದು ತಿಳಿಯುವುದಿಲ್ಲ. ಆಗ ಸಹಜವಾಗಿಯೇ ಒತ್ತಿ ಹಿಡಿಯುತ್ತಾರೆ, ಅದು ಟ್ಯಾಪ್ ಆಗದೆ ಲಾಂಗ್ ಪ್ರೆಸ್ ಆಗುತ್ತದೆ. ಕೈ ನಡುಗಿದರಂತೂ ಒಂದು ಟ್ಯಾಪ್ ಎರಡಾಗಿ, ಎರಡನೆಯದು ಮುಂದಿನ ಪ್ರಶ್ನೆಗೆ ಉತ್ತರವಾಗಿ ಹೋಗಿಬಿಡುತ್ತದೆ. ನೆನಪಿನ ಆಟದಲ್ಲಿ ಸತತ ಮೂರು ಸರಿಯಾದರೆ ಒಂದು ಹಂತ ಮೇಲೆ, ಒಂದು ತಪ್ಪಾದರೆ ಒಂದು ಹಂತ ಕೆಳಗೆ. ಈ ಪದ್ಧತಿಯಲ್ಲಿ ಆಟಗಾರ ನಿಲ್ಲುವುದು ನೂರಕ್ಕೆ ಸುಮಾರು 79 ಸರಿಯಾಗುವ ಹಂತದಲ್ಲಿ. ಹತ್ತಕ್ಕೊಂದು ಟ್ಯಾಪ್ ಹಾಳಾದರೆ ಅದೇ ಹಂತದಲ್ಲಿ ಉಳಿಯಲು ತಲೆ ನೂರಕ್ಕೆ 88 ಸರಿ ಹೇಳಬೇಕು. ಗ್ರಾಫ್ ಇಳಿಯುತ್ತದೆ, ಮನೆಯವರು ಗಾಬರಿಯಾಗುತ್ತಾರೆ.

ಪರಿಹಾರ ಆ್ಯಪಿನಲ್ಲಿಲ್ಲ, ಟ್ಯಾಬ್ಲೆಟ್ಟಿನಲ್ಲಿದೆ. ಐಪ್ಯಾಡ್ ಆದರೆ ಆ್ಯಕ್ಸೆಸಿಬಿಲಿಟಿ, ಟಚ್, ಟಚ್ ಅಕಾಮಡೇಶನ್ಸ್‌ಗೆ ಹೋಗಿ ಇಗ್ನೋರ್ ರಿಪೀಟ್ (ಬೆನ್ನಿಗೇ ಬಿದ್ದ ಎರಡನೇ ಟ್ಯಾಪನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸೌಲಭ್ಯ) ಆನ್ ಮಾಡಿ, 0.30 ಸೆಕೆಂಡಿನಿಂದ ಶುರು ಮಾಡಿ. ಪಕ್ಕದ ಹೋಲ್ಡ್ ಡ್ಯುರೇಶನ್ (ಇಷ್ಟು ಹೊತ್ತು ಒತ್ತಿ ಹಿಡಿದರೆ ಮಾತ್ರ ಮುಟ್ಟಿದ್ದೆಂದು ಲೆಕ್ಕ) ಮುಟ್ಟಬೇಡಿ: ನಡುಕಕ್ಕೆ ಒಳ್ಳೆಯದೇ, ಆದರೆ ಪ್ರತಿ ಉತ್ತರವನ್ನೂ ಅಷ್ಟು ತಡಮಾಡುತ್ತದೆ. ದಪ್ಪ ಸ್ಕ್ರೀನ್ ಗಾರ್ಡ್ ಇದ್ದರೆ ಕಿತ್ತುಹಾಕಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಆಡಲು ಕೂರಬೇಡಿ, ಬೆರಳು ಇನ್ನಷ್ಟು ಒಣಗುತ್ತದೆ. ರಬ್ಬರ್ ತುದಿಯ, ದಪ್ಪ ಹಿಡಿಯ ಸ್ಟೈಲಸ್ ಒಳ್ಳೆಯ ಉಪಾಯ, ಮಣಿಕಟ್ಟು ಗಾಜಿಗೆ ತಾಗದಿದ್ದರೆ.

ಕೂರುವ ಮುನ್ನಿನ ಎರಡು ನಿಮಿಷದ ಸಿದ್ಧತೆ ಆಟದಷ್ಟೇ ಮುಖ್ಯ. ಒಣಬಟ್ಟೆಯಲ್ಲಿ ಗಾಜು ಒರೆಸುವುದು, ಒದ್ದೆ ಬಟ್ಟೆಗೆ ಬೆರಳ ತುದಿ ಒತ್ತಿ ಒಮ್ಮೆ ಕೊಡವುವುದು (ಹನಿ ಉಳಿದರೆ ಸ್ಕ್ರೀನ್ ತಾನೇ ಟ್ಯಾಪ್ ಮಾಡಿಕೊಳ್ಳುತ್ತದೆ), ಪ್ರೋಗ್ರೆಸಿವ್ ಕನ್ನಡಕ ತೆಗೆದು ಓದುವ ಕನ್ನಡಕ ಹಾಕುವುದು, ಬ್ಯಾಟರಿ ಸೇವರ್ ಆಫ್ ಮಾಡುವುದು, ಮೇಜಿನ ಮೇಲೆ ಟೇಪಿನ ಗುರುತಿಗೆ ಸ್ಟ್ಯಾಂಡ್ ಸರಿಯಾಗಿ ಇಡುವುದು. ಆ ಗುರುತು ಕಣ್ಣಿನಿಂದ 40 ಸೆಂ.ಮೀ. ದೂರದ್ದು. ದಿನಕ್ಕೊಂದು ದೂರವಾದರೆ, ವೇಗದ ಆಟದಲ್ಲಿ ಸ್ಕ್ರೀನಿನ ಅಂಚಿಗೆ ಮಿಂಚುವ ಚಿತ್ರ ಕಾಣುವ ಕೋನವೇ ಬದಲಾಗಿ ನಿನ್ನೆಯ ಅಂಕಕ್ಕೂ ಇವತ್ತಿನದಕ್ಕೂ ತಾಳೆಯಾಗುವುದಿಲ್ಲ.

ಇಷ್ಟು ಬೈದ ಮೇಲೂ ಚಂದಾ ನಿಲ್ಲಿಸದಿರಲು ಕಾರಣ ವೇಗದ ಆಟ. ನಡುವೆ ಒಂದು ಚಿತ್ರ, ಅಂಚಿನಲ್ಲಿ ಇನ್ನೊಂದು, ಎರಡೂ ಮಿಂಚಿ ಮಾಯ. ಮೊದಲು ಅರ್ಧ ಸೆಕೆಂಡ್ ನಿಲ್ಲುತ್ತವೆ, ಪಳಗಿದಂತೆ 50 ಮಿಲಿಸೆಕೆಂಡಿಗೆ ಇಳಿಯುತ್ತವೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ (60 ಹರ್ಟ್ಜ್) ಸ್ಕ್ರೀನಿನಲ್ಲಿ ಬರೀ ಮೂರು ಫ್ರೇಮ್. ಸೊಗಸೆಂದರೆ ಅವಸರವೆಲ್ಲ ಕಣ್ಣಿಗೆ, ಕೈಗಲ್ಲ. ನಡುವೆ ಕಂಡದ್ದೇನು, ಅಂಚಿನದು ಎಲ್ಲಿತ್ತು ಎಂದು ನಿಧಾನವಾಗಿ ಆರಿಸಬಹುದು. ಮುಟ್ಟಬೇಕಾದ ಜಾಗಗಳು ಅಂಗೈಯಗಲ. ತಪ್ಪು ಮುಟ್ಟಿದರೆ ‘ಖಚಿತ’ ಒತ್ತುವ ಮೊದಲು ತಿದ್ದಲೂಬಹುದು.

ಅತಿ ನಿರೀಕ್ಷೆ ಬೇಡ. 65 ದಾಟಿದ 2,802 ಜನರ ಮೇಲೆ ಅಮೆರಿಕದಲ್ಲಿ ನಡೆದ ಆ್ಯಕ್ಟಿವ್ ಅಧ್ಯಯನದ 2002ರ ಫಲಿತಾಂಶ ನೇರವಾಗಿತ್ತು: ಯಾವುದನ್ನು ಕಲಿಸಿದರೋ ಅದರಲ್ಲಿ ಸುಧಾರಣೆ, ನೆನಪು ಕಲಿತವರಿಗೆ ವೇಗ ಬರಲಿಲ್ಲ, ವೇಗ ಕಲಿತವರಿಗೆ ನೆನಪು ಬರಲಿಲ್ಲ. ಇಲ್ಲಿ ಆಡಿದ್ದಕ್ಕೆ ಬೀಗದ ಕೈ ಇಟ್ಟ ಜಾಗ ಹೊಳೆಯುವುದಿಲ್ಲ.

ವರ್ಷದ ಚಂದಾ ಬೇಡ, ಆಡುವುದು ಎರಡು ಮೂರು ಆಟಗಳನ್ನಷ್ಟೇ; ತಿಂಗಳದ್ದು ಸಾಕು. ಐದಕ್ಕೆ ಮೂರು ಸ್ಟಾರ್. ಒಂದು ಆಟಕ್ಕೆ ‘ಖಚಿತ’ ಗುಂಡಿ ಇಡಲು ಗೊತ್ತಿದ್ದವರಿಗೆ ಮಿಕ್ಕ ಆಟಗಳಿಗೂ ಇಡಲು ಏನು ಅಡ್ಡಿ?