ಪಿಕಪ್ ಎಂಜಿನ್ ಮನೆಯಲ್ಲೇ ತೊಳೆಯೋದು: ಡೀಸೆಲ್, ಪ್ರೆಷರ್ ಗನ್, ಡಿಗ್ರೀಸರ್, ಗಾಳಿ, ಯಾವುದು ವಾಸಿ?

ತಿಪಟೂರು ಕಡೆ ತೆಂಗಿನಕಾಯಿ, ಕೊಬ್ಬರಿ ಸಾಗಿಸುವ ಗಾಡಿಗಳ ಬಾನೆಟ್ ಎತ್ತಿ ನೋಡಿ. ಒಳಗೆ ಎಲ್ಲವೂ ಒಂದೇ ಬಣ್ಣ. ಆಯಿಲ್ ಜಿನುಗಿದ ಕಡೆ ಕೆಮ್ಮಣ್ಣಿನ ಧೂಳು ಮೆತ್ತಿಕೊಳ್ಳುತ್ತದೆ. ಅದರ ಮೇಲೆ ತೆಂಗಿನ ನಾರಿನ ಪುಡಿ ಕೂರುತ್ತದೆ. ಎಂಜಿನ್ ಬಿಸಿಗೆ ಇದೆಲ್ಲ ಬೆಂದು ಗಟ್ಟಿಯಾಗುತ್ತದೆ. ನಮ್ಮ ಬೊಲೆರೊ ಪಿಕಪ್‌ನ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಅಂಚಿನಲ್ಲಿ ಈ ಪದರ ಬೆರಳು ದಪ್ಪ ಇತ್ತು. ಬಿದಿರಿನ ಚಕ್ಕೆಯಿಂದ ಕೆರೆದರೆ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು, ಒಳಗಡೆ ಇನ್ನೂ ಹಸಿ ಆಯಿಲ್.

ಎಂಜಿನ್ ಮಿರಮಿರ ಅನ್ನಬೇಕು ಅನ್ನೋ ಆಸೆ ನನಗಿಲ್ಲ. ಬೇಕಾದ್ದು ಎರಡೇ. ಆಯಿಲ್ ಎಲ್ಲಿಂದ ಬರುತ್ತಿದೆ ಅಂತ ಕಣ್ಣಿಗೆ ಕಾಣಬೇಕು. ತೊಳೆದ ಮೇಲೆ ವೈರಿಂಗ್‌ಗೆ ಏನೂ ಆಗಿರಬಾರದು. ನಮ್ಮ ಬಿಎಸ್-6 (ಹೊಸ ಹೊಗೆ ನಿಯಮದ) ಪಿಕಪ್ ಮತ್ತು ಮಾವನ ಹಳೇ ಟಾಟಾ 407, ಈ ಎರಡು ಗಾಡಿಗಳ ಮೇಲೆ ಬೇರೆ ಬೇರೆ ವಿಧಾನ ಪ್ರಯತ್ನಿಸಿ ನೋಡಿದ್ದೇನೆ. ಎಲ್ಲವನ್ನೂ ಈ ಎರಡು ಲೆಕ್ಕದಲ್ಲೇ ಅಳೆಯುತ್ತೇನೆ.

ಮೊದಲು ಡೀಸೆಲ್. ನಮ್ಮಲ್ಲಿ ವಾಟರ್ ಸರ್ವೀಸ್‌ಗೆ ಬಿಟ್ಟರೆ ಎಷ್ಟೋ ಕಡೆ ಈಗಲೂ ಇದೇ ಪದ್ಧತಿ. ಗಾಳಿ ಗನ್‌ನಲ್ಲಿ ಡೀಸೆಲ್ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಮೇಲೆ ನೀರು ಬಿಡುತ್ತಾರೆ. ಕೊಳೆ ಬಿಡಿಸುವುದರಲ್ಲಿ ಡೀಸೆಲ್‌ಗೆ ಸಾಟಿ ಇಲ್ಲ, ಅದನ್ನು ಒಪ್ಪಲೇಬೇಕು. 407ರ ಎಂಜಿನ್ ಪಕ್ಕೆಯಲ್ಲಿದ್ದ ಗಟ್ಟಿ ಪದರ ಕಣ್ಣೆದುರೇ ಕರಗಿ ಇಳಿಯಿತು. ಖರ್ಚೂ ಕಮ್ಮಿ. ಮಾವನಿಗೆ ಇದರ ಮೇಲೆ ಅಪಾರ ನಂಬಿಕೆ.

"ಅಲ್ಲ ಕಣೋ, ಗಾಡಿ ತಗೊಂಡಾಗಿಂದ ಡೀಸೆಲ್ಲೇ ಹೊಡೆಸ್ತಿದೀನಿ. ಏನಾಗಿದೆ ಹೇಳು?"

"ನಿಮ್ಮ ಗಾಡಿಗೆ ಏನೂ ಆಗಿಲ್ಲ ಮಾವ. ಆದ್ರೆ ಅದರಲ್ಲಿ ವೈರ್ ಎಷ್ಟಿದೆ, ಇದರಲ್ಲಿ ಎಷ್ಟಿದೆ, ನೀವೇ ಒಂದ್ಸಲ ನೋಡಿ."

ಮಾವನ ಮಾತು ಸುಳ್ಳಲ್ಲ. ಅವರ ಗಾಡಿಯ ಪಂಪು ಮೆಕ್ಯಾನಿಕಲ್. ಸೆಲ್ಫ್ ಮೋಟಾರ್, ಡೈನಮೊ, ಲೈಟು, ಹಾರ್ನು ಬಿಟ್ಟರೆ ಕರೆಂಟಿನ ಕೆಲಸ ಜಾಸ್ತಿ ಇಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. ಆಮೇಲಿನ ಡೀಸೆಲ್ ಗಾಡಿಗಳಲ್ಲಿ ಕಾಮನ್ ರೈಲ್ (ಕರೆಂಟಿನಿಂದ ಡೀಸೆಲ್ ಅಳೆದು ಚಿಮ್ಮಿಸುವ ವ್ಯವಸ್ಥೆ), ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವುದು), ಸೈಲೆನ್ಸರ್ ಕಡೆಯ ಸೆನ್ಸರ್‌ಗಳು, ಒಂದೊಂದಕ್ಕೂ ಒಂದು ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್. ಕಪ್ಲರ್ ಒಳಗಿನ ರಬ್ಬರ್ ಸೀಲ್ ಅಕ್ಕಿಕಾಳಿನಷ್ಟು ದಪ್ಪವೂ ಇರುವುದಿಲ್ಲ. ಡೀಸೆಲ್ ಕುಡಿದರೆ ಕೆಲವು ಜಾತಿಯ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ರೇಡಿಯೇಟರ್ ಪೈಪು, ಎಂಜಿನ್ ಮೌಂಟಿಂಗ್, ಫ್ಯಾನ್ ಬೆಲ್ಟ್ ಎಲ್ಲಕ್ಕೂ ಇದು ಕೆಟ್ಟದ್ದೇ.

ಬೆಂಕಿಯ ಮಾತು ಬೇರೆ. ಡೀಸೆಲ್ ಪೆಟ್ರೋಲ್‌ನಷ್ಟು ಬೇಗ ಹತ್ತಿಕೊಳ್ಳುವುದಿಲ್ಲ ಅಂತ ಎಲ್ಲರೂ ಧೈರ್ಯ ಹೇಳುತ್ತಾರೆ. ನಮ್ಮ ದೇಶದ ಮಾನದಂಡದ ಪ್ರಕಾರ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಅಷ್ಟು ಶಾಖಕ್ಕೆ ಮೇಲೇಳುವ ಆವಿ ಕಿಡಿ ತಾಗಿದರೆ ಹತ್ತಿಕೊಳ್ಳಬಹುದು. ಬೇಸಿಗೆ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಕಬ್ಬಿಣ ಅದಕ್ಕಿಂತ ಬಿಸಿ ಇರುತ್ತದೆ. ಗನ್‌ನಲ್ಲಿ ಮಂಜಿನ ಹಾಗೆ ಹೊಡೆದರಂತೂ ಫ್ಲ್ಯಾಶ್ ಪಾಯಿಂಟ್‌ಗಿಂತ ತಣ್ಣಗಿದ್ದರೂ ಅದು ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆಯದೂ ಇದೇ ಕಥೆ. ಮನೆ ಅಂಗಳದಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಈ ಕೆಲಸ ಬೇಡವೇ ಬೇಡ.

ಇದೆಲ್ಲ ಬಿಟ್ಟರೂ ನನ್ನ ಮೊದಲ ಲೆಕ್ಕದಲ್ಲೇ ಡೀಸೆಲ್ ಸೋಲುತ್ತದೆ. ನೀರು ಬಿಟ್ಟ ಮೇಲೂ ಎಲ್ಲದರ ಮೇಲೆ ಎಣ್ಣೆಯ ತೆಳು ಪದರ ಉಳಿಯುತ್ತದೆ. ಆ ಹೊಳಪು ನೋಡಿ ಕ್ಲೀನ್ ಆಯಿತು ಅಂದುಕೊಳ್ಳುತ್ತೇವೆ. ಎಲ್ಲವೂ ಹೊಳೆಯುವಾಗ ಲೀಕ್ ಯಾವುದು, ಡೀಸೆಲ್ ಯಾವುದು, ಹೇಗೆ ಗೊತ್ತಾಗಬೇಕು? ಆ ಜಿಡ್ಡಿಗೆ ಧೂಳು ಮೊದಲಿಗಿಂತ ಬೇಗ ಹಿಡಿಯುತ್ತದೆ. 407 ಕೊಬ್ಬರಿ ಲೋಡಿಗೆ ಸ್ವಲ್ಪ ಓಡಾಡಿದ್ದೇ ತಡ, ಮತ್ತೆ ಅದೇ ಬಣ್ಣ.

ಇನ್ನು ಪ್ರೆಷರ್ ವಾಷರ್. ಮನೆಬಳಕೆಯ ಮಷಿನ್‌ಗಳು ಸಾಮಾನ್ಯವಾಗಿ 100ರಿಂದ 130 ಬಾರ್ ಒತ್ತಡ ಕೊಡುತ್ತವೆ. ನಲ್ಲಿ ಪೈಪಿನಲ್ಲಿ ಬರುವುದು ಎರಡು ಮೂರು ಬಾರ್ ಅಷ್ಟೇ. ನಿಮಿಷಕ್ಕೆ ಆರು ಲೀಟರ್ ಆಸುಪಾಸು ನೀರು ಸಾಕಾಗುವುದರಿಂದ ಬೋರ್ ನೀರು ಕಮ್ಮಿ ಇರುವ ಕಡೆ ಉಳಿತಾಯವೂ ಹೌದು. ಚಾಸಿ, ಮಡ್‌ಗಾರ್ಡ್ ಒಳಭಾಗ, ಲೀಫ್ ಸ್ಪ್ರಿಂಗ್, ಟ್ರೇ ಕೆಳಗಿನ ಕೆಸರು, ಇವಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಬಾನೆಟ್ ಒಳಗೆ ಮಾತ್ರ ನಾನು ಇದನ್ನು ಹೊಡೆಯುವುದಿಲ್ಲ. ಎಷ್ಟೋ ಸೆನ್ಸರ್, ಕಪ್ಲರ್‌ಗಳ ಮೇಲೆ ಐಪಿ67 ಅಂತ ಇರುತ್ತದೆ, ಧೂಳು, ನೀರು ಎಷ್ಟು ತಡೆಯುತ್ತದೆ ಅನ್ನುವ ಗುರುತು. ನೀರು ಒಳಗೆ ಹೋಗುವುದಿಲ್ಲ ಅನ್ನೋ ಧೈರ್ಯ ಬರುತ್ತದೆ ಅಲ್ವಾ? ಆದರೆ ಆ 7 ಅಂದರೆ ಒಂದು ಮೀಟರ್ ಆಳದ ನಿಂತ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೆ ತಡೆಯುತ್ತದೆ ಅಂತ. ಹತ್ತಿರದಿಂದ ಬರುವ ಜೋರು ನೀರಿನ ಏಟಿಗೆ ಬೇರೆಯೇ ಪರೀಕ್ಷೆ ಇದೆ, ಐಪಿ69ಕೆ. ಅದರಲ್ಲಿ 80 ಡಿಗ್ರಿ ಬಿಸಿ ನೀರನ್ನು 80ರಿಂದ 100 ಬಾರ್‌ನಲ್ಲಿ ಹೊಡೆದು ನೋಡುತ್ತಾರೆ. ಐಪಿ67 ಪಾಸಾದದ್ದು ಇದನ್ನೂ ತಡೆಯುತ್ತದೆ ಅಂತ ಹೇಳಲು ಆಗುವುದಿಲ್ಲ. ಒಳಗೆ ಹೊಕ್ಕ ನೀರು ಅವತ್ತೇ ತೊಂದರೆ ಕೊಡಬೇಕು ಅಂತಲೂ ಇಲ್ಲ. ಪಿನ್ ಮೇಲೆ ನಿಧಾನಕ್ಕೆ ಹಸಿರು ಕಿಲುಬು ಕಟ್ಟಿ, ತಿಂಗಳುಗಳ ಮೇಲೆ ಚೆಕ್ ಎಂಜಿನ್ ಲೈಟ್ ಹತ್ತಿದಾಗ ತೊಳೆದದ್ದು ಯಾರಿಗೂ ನೆನಪಿರುವುದಿಲ್ಲ.

ವೈರು ಕಮ್ಮಿ ಇರುವ 407ರ ಎಂಜಿನ್‌ಗೆ ಹೊಡೆದು ನೋಡಿದೆವು. ತಣ್ಣೀರಿನ ಏಟಿಗೆ ಮೇಲಿನ ಮಣ್ಣು ಹಾರಿತು, ಬೆಂದ ಜಿಡ್ಡು ಅಲ್ಲೇ ಉಳಿಯಿತು. ಹಾರಿದ ಮಣ್ಣು ಮೂಲೆಗಳಿಗೆ ಹೋಗಿ ಕೂತಿತು. ಸ್ಟಾರ್ಟ್ ಮಾಡಿದಾಗ ಬೆಲ್ಟ್ ಕಿರುಚಿತು, ಒಣಗಿದ ಮೇಲೆ ಸುಮ್ಮನಾಯಿತು. ರೇಡಿಯೇಟರ್‌ಗೆ ಹತ್ತಿರದಿಂದ ಹೊಡೆದರೆ ತೆಳು ಜಾಲರಿ ಮಡಚಿಕೊಳ್ಳುತ್ತದೆ, ಆಮೇಲೆ ಗಾಳಿಯೇ ಆಡುವುದಿಲ್ಲ.

ಬಟ್ಟೆ ಸೋಪಿನ ಪುಡಿ, ಪಾತ್ರೆ ಲಿಕ್ವಿಡ್, ಕಾರ್ ಶಾಂಪೂ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ. ಬರೀ ಧೂಳಿಗೆ ಶಾಂಪೂ ಆಗುತ್ತದೆ. ಬೆಂದ ಆಯಿಲ್‌ಗೆ ಯಾವುದೂ ಆಗುವುದಿಲ್ಲ. ನಮ್ಮ ಬೋರ್ ನೀರು ಗಡಸು, ನೊರೆಯೇ ಬರುವುದಿಲ್ಲ, ಒಣಗಿದ ಮೇಲೆ ಬಿಳಿ ಕಲೆ ಬೇರೆ. ವಾಷಿಂಗ್ ಸೋಡಾ ಮಾತ್ರ ಹಾಕಲೇಬೇಡಿ, ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ.

ನನಗೆ ಒಪ್ಪಿಗೆಯಾದದ್ದು ನೀರಲ್ಲಿ ಬೆರೆಸುವ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರಾವಣ) ಮತ್ತು ಬ್ರಷ್. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಪ್ರೇ ಬಾಟಲಿಯಲ್ಲೂ ಸಿಗುತ್ತದೆ, ಐದು ಲೀಟರ್ ಕ್ಯಾನ್‌ನಲ್ಲೂ ಸಿಗುತ್ತದೆ. ಕ್ಯಾನ್ ತಂದು ಬೆರೆಸಿಕೊಂಡರೆ ಅಗ್ಗ. ಎಷ್ಟು ನೀರಿಗೆ ಎಷ್ಟು ಅಂತ ಲೇಬಲ್ ಮೇಲೆ ಇರುತ್ತದೆ, ಅಲ್ಯೂಮಿನಿಯಂಗೆ ಹಾಕಬಹುದಾ ಅಂತಲೂ ಅಲ್ಲೇ ನೋಡಿಕೊಳ್ಳಿ. ಬೆಂಕಿಯ ಗುರುತು ಇರುವ ಡಬ್ಬ ಬೇಡ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಟರ್ಬೊ, ಎಗ್ಸಾಸ್ಟ್ ಕಡೆ ಕೈ ಇಟ್ಟರೆ ತಡೆಯುವಷ್ಟಾದರೂ ತಣಿದಿರಬೇಕು. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಗಾಡಿ ನೆರಳಲ್ಲಿರಲಿ. ಬಿಸಿಲಲ್ಲಿ ಡಿಗ್ರೀಸರ್ ಒಣಗಿ ಕಲೆ ಕಟ್ಟುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಾದರೆ ಎಂಜಿನ್ ಆಫ್ ಆದ ಮೇಲೂ ಅದು ತಟ್ಟನೆ ತಿರುಗಬಹುದು. ಕೀ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ನೀರಲ್ಲಿ ಕಲಸಿ ಬ್ರಷ್‌ನಲ್ಲಿ ಹಚ್ಚಿ, ನೊರೆ ಎದ್ದು ಬಿಡುತ್ತದೆ. ಬ್ಯಾಟರಿ ಮುಚ್ಚಳದ ಒಳಗೆ ಮಾತ್ರ ಆ ನೀರು ಹೋಗಬಾರದು.

ಆಮೇಲೆ ಮುಚ್ಚುವ ಕೆಲಸ. ಡೈನಮೊ, ಫ್ಯೂಸ್ ಬಾಕ್ಸ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬ), ಅದರ ದೊಡ್ಡ ಕಪ್ಲರ್, ಏರ್ ಫಿಲ್ಟರ್‌ನ ಬಾಯಿ. ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಏರ್ ಫಿಲ್ಟರ್ ಬಾಯಿ ಎಲ್ಲಕ್ಕಿಂತ ಮುಖ್ಯ. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರ್ ಒಳಗೆ ನೀರು ಹೋಗಿ, ಪಿಸ್ಟನ್ ಮೇಲೇಳುವಾಗ ಸಿಕ್ಕಿಕೊಂಡರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಗಟ್ಟಿ ಹೆಂಟೆಗಳನ್ನು ಮೊದಲು ಬಿದಿರಿನ ಚಕ್ಕೆಯಲ್ಲಿ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ಬೇಡ, ಪೈಪಿಗೆ ತಾಗುತ್ತದೆ. ಇದೊಂದರಲ್ಲೇ ಅರ್ಧ ಕೊಳೆ ಹೋಗುತ್ತದೆ, ಡಿಗ್ರೀಸರ್ ಖರ್ಚೂ ಇಳಿಯುತ್ತದೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಡಿಗ್ರೀಸರ್ ಹೊಡೆಯಿರಿ. ಮೇಲಿನಿಂದ ಶುರು ಮಾಡಿದರೆ ಇಳಿದ ನೀರು ಒಣ ಕೊಳೆ ಮೇಲೆ ಗೆರೆ ಎಳೆಯುತ್ತದೆ. ಐದು ನಿಮಿಷ ಬಿಡಿ, ಒಣಗಲು ಬಿಡಬೇಡಿ. ಬಣ್ಣ ಹೊಡೆಯುವ ಒಂದು ಇಂಚಿನ ಬ್ರಷ್‌ನ ಕೂದಲನ್ನು ಅರ್ಧಕ್ಕೆ ಕತ್ತರಿಸಿದರೆ ಗಡುಸಾಗಿ ಚೆನ್ನಾಗಿ ಉಜ್ಜುತ್ತದೆ. ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್. ಬ್ರಷ್ ಆಡಿಸುತ್ತಾ ಹೋದ ಹಾಗೆ ಕಂದು ನೊರೆ ಕಪ್ಪಾಗುತ್ತದೆ, ಅದರ ಕೆಳಗಿನಿಂದ ಬೀಡಿನ ಬೂದು ಬಣ್ಣ ಕಾಣುತ್ತದೆ. ಬೋಲ್ಟಿನ ತಲೆ, ಬೀಡಿನ ಮೇಲೆ ಎರಕ ಹೊಯ್ದ ಅಕ್ಷರ, ಎಲ್ಲ ಓದಬಹುದು. ಕೊನೆಗೆ ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ಸಣ್ಣಗೆ ತೊಳೆಯಿರಿ. ಡೈನಮೊ ಸುತ್ತ ನೀರೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಸಮಯ ಹಿಡಿಯುತ್ತದೆ, ಅದೊಂದೇ ಇದರ ಕೊರತೆ. ವಾಟರ್ ಸರ್ವೀಸ್‌ನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವುದು ಇಲ್ಲಿ ಒಂದು ಬೆಳಗ್ಗೆ ಪೂರ್ತಿ ತಿನ್ನುತ್ತದೆ. ಸೊಂಟ ನೋಯುತ್ತದೆ. ಕೈಗವಸು ಇಲ್ಲದಿದ್ದರೆ ಬೆರಳು ಸುಲಿಯುತ್ತದೆ, ಕಣ್ಣಿಗೂ ಕನ್ನಡಕ ಬೇಕು.

ಆದರೂ ಯಾಕೆ ಇದನ್ನೇ ಹೇಳುತ್ತಿದ್ದೇನೆ ಅಂದರೆ, ನಮ್ಮ ಪಿಕಪ್‌ನ ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಯಾವಾಗಲೂ ಆಯಿಲ್ ಇರುತ್ತಿತ್ತು. ನೋಡಿದವರೆಲ್ಲ ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ ಹಿಂಭಾಗದಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದರು. ಅದು ದೊಡ್ಡ ಖರ್ಚು. ತೊಳೆದು ಒಣಗಿಸಿ, ಅರಸೀಕೆರೆವರೆಗೆ ಹೋಗಿಬಂದು, ಟಾರ್ಚ್ ಹಿಡಿದು ನೋಡಿದೆ. ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಿಂದ ದಾರದಷ್ಟು ಸಣ್ಣ ಹೊಳೆಯುವ ಗೆರೆ ಹೊರಟಿತ್ತು. ಎಂಜಿನ್ ಬೆನ್ನಿನ ಮೇಲೆ ಇಳಿದು, ಸೀದಾ ಅದೇ ಜಾಗಕ್ಕೆ ಬಂದು ಹನಿಯುತ್ತಿತ್ತು. ಟ್ಯಾಪೆಟ್ ಕವರ್ ಪ್ಯಾಕಿಂಗ್ ಬದಲಾಯಿಸಿದರೆ ಮುಗಿಯಿತು, ಗೇರ್‌ಬಾಕ್ಸ್ ಮುಟ್ಟಲೇ ಇಲ್ಲ. ಆಯಿಲ್ ಯಾವಾಗಲೂ ಕೆಳಗಿಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹನಿ ಬಿದ್ದ ಕಡೆಯೇ ಲೀಕ್ ಇರಬೇಕಾಗಿಲ್ಲ.

ಬರೀ ಗಾಳಿ ಹೊಡೆಯುವುದನ್ನೂ ಹಗುರವಾಗಿ ಕಾಣಬೇಡಿ. ಪಂಚರ್ ಅಂಗಡಿಯ ಕಂಪ್ರೆಸರ್ ಸಾಕು. ಜಿಡ್ಡಿಗೆ ಇದು ಉಪಯೋಗವಿಲ್ಲ. ನಾರು, ಒಣಗಿದ ಎಲೆ, ಇಲಿ ಕಟ್ಟಿದ ಗೂಡು, ಇವಕ್ಕೆ ಇದೇ ಸರಿ. ನಮ್ಮ ಕಡೆ ತೆಂಗಿನ ನಾರು ಎಗ್ಸಾಸ್ಟ್ ಪಕ್ಕ ಗುಡ್ಡೆಯಾಗುತ್ತದೆ, ಮೇಲೆ ಆಯಿಲ್ ಬಿದ್ದರೆ ಬೆಂಕಿಗೆ ದಾರಿ. ರೇಡಿಯೇಟರ್‌ಗೆ ಎಂಜಿನ್ ಕಡೆಯಿಂದ ಹೊರಕ್ಕೆ ಹೊಡೆಯಿರಿ, ಸಿಕ್ಕಿದ ಕಸ ಬಂದ ದಾರಿಯಲ್ಲೇ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಂದು ಸಲ ಡಿಗ್ರೀಸರ್‌ನಲ್ಲಿ ಚೆನ್ನಾಗಿ ತೊಳೆದು, ಲೀಕ್ ನಿಲ್ಲಿಸಿದ ಗಾಡಿಗೆ ವರ್ಷದ ಬಹುಪಾಲು ಗಾಳಿ ಮತ್ತು ಒದ್ದೆ ಬಟ್ಟೆಯೇ ಸಾಕಾಗುತ್ತದೆ. ನಾನು ಈಗ ಮಾಡುವುದೂ ಅಷ್ಟೇ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಾವು ಯಾರೂ ಯೋಚಿಸುವುದಿಲ್ಲ. ಬಳಸಿದ ಎಂಜಿನ್ ಆಯಿಲ್ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. ಬೋರ್ ಪಕ್ಕ, ತೆಂಗಿನ ಬುಡದಲ್ಲಿ ಅದನ್ನು ಇಂಗಿಸಬಾರದು. ಗಾಡಿ ಕೆಳಗೆ ಟಾರ್ಪಲ್ ಹಾಸಿ, ಅದರ ಮೇಲೆ ನಾರಿನ ಪುಡಿ ದಪ್ಪಗೆ ಹರಡಿ. ಜಿಡ್ಡನ್ನು ಚೆನ್ನಾಗಿ ಹೀರುತ್ತದೆ, ನಮ್ಮೂರಲ್ಲಿ ಅದಕ್ಕೇನೂ ಬರವಿಲ್ಲ. ಆ ಪುಡಿಯನ್ನು ಒಲೆಗೂ ಹಾಕಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಚೀಲದಲ್ಲಿ ಕಟ್ಟಿಟ್ಟು, ಗ್ಯಾರೇಜಿನವರು ವೇಸ್ಟ್ ಆಯಿಲ್ ಕೊಡುವಾಗ ಜೊತೆಗೆ ಕಳಿಸಲು ಕೇಳಿ.

ಸ್ಟಾರ್ಟ್ ಮಾಡುವ ಮೊದಲು ಕಟ್ಟಿದ ಕವರ್ ಎಲ್ಲ ಬಿಚ್ಚಿದ್ದೀರಾ ನೋಡಿಕೊಳ್ಳಿ, ಏರ್ ಫಿಲ್ಟರ್‌ನದು ಮೊದಲು. ಬಾನೆಟ್ ತೆರೆದಿಟ್ಟು ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಕಾಲು ಗಂಟೆ ಐಡಲ್‌ನಲ್ಲಿ ಓಡಿಸಿ. ಅವತ್ತು ರಾತ್ರಿ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡಿ. ಬೆಳಗ್ಗೆ ಕಪ್ಪು ಹನಿ ಕಂಡರೆ ಎಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಇದ್ದರೆ ಕೂಲಂಟ್. ನೀರಿನಷ್ಟು ತೆಳು, ತಿಳಿ ಹಳದಿ ಇದ್ದರೆ ಬ್ರೇಕ್ ಅಥವಾ ಕ್ಲಚ್ ಆಯಿಲ್ ಇರಬಹುದು, ಆಗ ಗಾಡಿ ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.